ಬೈಕ್ ಅಲಾರಂ ಸುಮ್ಮಸುಮ್ಮನೆ ಕೂಗುತ್ತಿದೆಯೇ? ಬಾಕ್ಸ್ ಬಿಚ್ಚುವ ಮೊದಲು ಬ್ಯಾಟರಿ ನೋಡಿ

'ಅಲಾರಂ ಹಾಳಾಗಿದೆ, ಬಾಕ್ಸ್ ಬದಲಿಸಿ' ಎಂಬ ದೂರಿನೊಂದಿಗೆ ಬರುವ ಬೈಕುಗಳಲ್ಲಿ ನಿಜಕ್ಕೂ ಬಾಕ್ಸ್, ಅಂದರೆ ಅಲಾರಮ್ಮನ್ನು ನಡೆಸುವ ಎಲೆಕ್ಟ್ರಾನಿಕ್ ಡಬ್ಬಿ, ಕೆಟ್ಟಿರುವುದು ಕಡಿಮೆ. ಬ್ಯಾಟರಿ ಸೊರಗಿರುತ್ತದೆ, ಅರ್ತ್ ಬೋಲ್ಟಿನ (ಮೈನಸ್ ತಂತಿಯನ್ನು ಫ್ರೇಮಿಗೆ ಕೂಡಿಸುವ ಬೋಲ್ಟ್) ಅಡಿ ಪೇಂಟ್ ಕೂತಿರುತ್ತದೆ, ಇಲ್ಲವೇ ಸೀಟಿನ ಕೆಳಗೆ ಬಾಕ್ಸೇ ಜೋತಾಡುತ್ತಿರುತ್ತದೆ. ಹೊಸ ಬಾಕ್ಸನ್ನು ಅದೇ ತಂತಿಗೆ, ಅದೇ ಬೋಲ್ಟಿಗೆ ಕೂಡಿಸಿದರೆ ಸ್ವಲ್ಪ ದಿನಕ್ಕೇ ಅದೇ ದೂರು ಮತ್ತೆ ಬಾಗಿಲಿಗೆ ಬರುತ್ತದೆ.

ಸುಳ್ಳು ಕೂಗನ್ನು ಬರೀ ಕಿರಿಕಿರಿ ಎಂದುಕೊಳ್ಳಬೇಡಿ. ರಾತ್ರಿ ನಾಲ್ಕು ಸಲ ಕೂಗಿದ ಅಲಾರಮ್ಮನ್ನು ಐದನೇ ಸಲಕ್ಕೆ ಮಾಲೀಕನೇ ಆಫ್ ಮಾಡಿ ಮಲಗುತ್ತಾನೆ. ಕಳ್ಳನಿಗೂ ಇದು ಗೊತ್ತಿರುತ್ತದೆ. ಒಂದೆರಡು ಸಲ ತಟ್ಟಿ ಮರೆಯಾಗಿ ನಿಂತರೆ ಅವನ ಕೆಲಸವನ್ನು ಮಾಲೀಕನೇ ಮಾಡಿಕೊಡುತ್ತಾನೆ. ಹಾಗಾಗಿ ಸುಮ್ಮನೆ ಕೂಗುವ ಅಲಾರಮ್ಮಿಗೂ ಮುರಿದ ಬೀಗಕ್ಕೂ ವ್ಯತ್ಯಾಸವಿಲ್ಲ.

ಮೊದಲು ವೋಲ್ಟೇಜ್, ಕರೆಂಟ್ ಅಳೆಯುವ ಮಲ್ಟಿಮೀಟರನ್ನು ಬ್ಯಾಟರಿಗೆ ಹಿಡಿಯಿರಿ. ಬೈಕ್ ಕೆಲವು ಗಂಟೆ ನಿಂತ ಮೇಲೆ 12 ವೋಲ್ಟಿನ ಲೆಡ್-ಆಸಿಡ್ ಬ್ಯಾಟರಿ 12.6ರಿಂದ 12.8 ತೋರಿಸಬೇಕು. 12.4 ಎಂದರೆ ಸುಮಾರು ಮುಕ್ಕಾಲು ಚಾರ್ಜ್, 12.0 ಎಂದರೆ ಬಹುತೇಕ ಖಾಲಿ. ಆಮೇಲೆ ಮೀಟರಿನ ಪ್ರೋಬ್ (ಅಳತೆಯ ಕಡ್ಡಿ) ತೆಗೆಯದೆ ಸೆಲ್ಫ್ ಒತ್ತಿ ನೋಡಿ. 10 ವೋಲ್ಟಿಗಿಂತ ಚೆನ್ನಾಗಿ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ, ಇಲ್ಲವೇ ಟರ್ಮಿನಲ್ ಸಡಿಲವಿದೆ. 'ಸೆಲ್ಫ್ ಒತ್ತಿದ ತಕ್ಷಣ ಸೈರನ್ ಹೊಡೆದುಕೊಳ್ಳುತ್ತದೆ' ಎಂಬ ದೂರಿನ ಮೂಲ ಹೆಚ್ಚಾಗಿ ಇಲ್ಲೇ: ವೋಲ್ಟೇಜ್ ಕುಸಿದಾಗ ಬಾಕ್ಸಿನೊಳಗಿನ ಚಿಪ್ ರೀಸೆಟ್ ಆಗುತ್ತದೆ, ಕೆಲವು ಮಾಡೆಲ್‌ಗಳು ಎಚ್ಚರವಾಗುವುದೇ ಲಾಕ್ ಸ್ಥಿತಿಯಲ್ಲಿ, ಅಂದರೆ ಕಾವಲು ಆನ್ ಆಗಿ. ಎಂಜಿನ್ ಮಧ್ಯಮ ವೇಗದಲ್ಲಿ ಓಡುವಾಗ 13.5ರಿಂದ 14.5 ಇರಬೇಕು. 15 ದಾಟಿದರೆ ಚಾರ್ಜಿಂಗ್ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್-ರೆಕ್ಟಿಫೈಯರ್ ಕೈಕೊಟ್ಟಿದೆ. ಅದನ್ನು ಬದಲಿಸದೆ ಹೊಸ ಅಲಾರಂ ಹಾಕಿದರೆ ಅದೂ ಸುಡುತ್ತದೆ.

'ಬೈಕ್ ನಾಲ್ಕು ದಿನ ನಿಂತರೆ ಸ್ಟಾರ್ಟ್ ಆಗಲ್ಲ' ಎನ್ನುವವರಿಗೆ ಬೇರೆ ಅಳತೆ ಬೇಕು: ನಿಂತ ಬೈಕಿನಲ್ಲಿ ಬ್ಯಾಟರಿಯಿಂದ ಎಷ್ಟು ಕರೆಂಟ್ ಸೋರುತ್ತಿದೆ ಎಂಬುದು. ಕೀ ಆಫ್ ಮಾಡಿ, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಆ ತಂತಿಗೂ ಮೈನಸ್ ಟರ್ಮಿನಲ್‌ಗೂ ನಡುವೆ ಮೀಟರನ್ನು 10 ಆಂಪಿಯರ್ ರೇಂಜಿನಲ್ಲಿ ಸೇರಿಸಿ. ನೇರವಾಗಿ 200 ಮಿಲಿಆಂಪಿಯರಿಗೆ ಇಟ್ಟರೆ ಮೀಟರಿನ ಫ್ಯೂಸ್ ಹೋಗುತ್ತದೆ. ಕರೆಂಟ್ ಸಿಕ್ಕ ಕೂಡಲೇ ಅಲಾರಂ ಒಮ್ಮೆ ಕೂಗಿ ಇಂಡಿಕೇಟರ್ ಮಿನುಗಿಸುತ್ತದೆ. 10 ವ್ಯಾಟಿನ ನಾಲ್ಕು ಬಲ್ಬಿಗೇ 3 ಆಂಪಿಯರ್ ಮೀರುತ್ತದೆ. ರಿಮೋಟಿನಿಂದ ಲಾಕ್ ಮಾಡಿ, ಬಾಕ್ಸ್ ನಿದ್ದೆಗೆ ಜಾರಲು ಕೆಲವು ನಿಮಿಷ ಬಿಟ್ಟು, ಮೀಟರ್ ತೋರಿಸುವ ಓದನ್ನು ನೋಡಿ. ಮೀಟರ್ ನಡುವೆ ಇರುವಷ್ಟು ಹೊತ್ತು ಸೆಲ್ಫ್ ಮುಟ್ಟಬೇಡಿ.

ಓದಿದ್ದರ ಅರ್ಥ ಹೀಗೆ. 25 ಮಿಲಿಆಂಪಿಯರ್ ಎಂದರೆ ದಿನಕ್ಕೆ 0.6 ಆಂಪಿಯರ್-ಅವರ್. 5 ಆಂಪಿಯರ್-ಅವರ್ ಬ್ಯಾಟರಿ ನಾಲ್ಕು ದಿನಕ್ಕೆ ಅರ್ಧ ಬರಿದು, ಸೆಲ್ಫ್ ತಿರುಗಿಸುವ ಕಸುವು ಉಳಿಯುವುದಿಲ್ಲ. 5 ಮಿಲಿಆಂಪಿಯರ್ ಆದರೆ ಅದೇ ಅರ್ಧಕ್ಕೆ 20 ದಿನ ಬೇಕು. ಸೋರಿಕೆ ಜಾಸ್ತಿ ಇದ್ದರೆ ಅಲಾರಮ್ಮಿನ ಫ್ಯೂಸ್ ಕೀಳಿ. ಓದು ಇಳಿದರೆ ತಪ್ಪು ಅಲಾರಮ್ಮಿನದು. ಇಳಿಯದಿದ್ದರೆ ರೆಕ್ಟಿಫೈಯರಿನ ಕಪ್ಲರ್ (ತಂತಿ ಕೂಡಿಸುವ ಪ್ಲಗ್) ಬಿಚ್ಚಿ ನೋಡಿ. ಅದರ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಸೋರುತ್ತಿದ್ದರೂ ಅಲಾರಮ್ಮಿನ ಮೇಲೆಯೇ ಗೂಬೆ ಕೂರುತ್ತದೆ.

ಅಲಾರಮ್ಮಿನ ಪ್ಲಸ್ ತಂತಿ ನೇರ ಬ್ಯಾಟರಿಯಿಂದಲೇ ಬರಬೇಕು, ಅದಕ್ಕೆ ಸ್ವಂತ ಫ್ಯೂಸ್ ಬ್ಯಾಟರಿಯ ಮಗ್ಗುಲಲ್ಲೇ ಇರಬೇಕು. ಬಾಕ್ಸಿನ ಮೇಲೆ ಎಷ್ಟು ಆಂಪಿಯರ್ ಎಂದು ಬರೆದಿದೆಯೋ ಅಷ್ಟೇ. ಅರ್ತ್ ಪರೀಕ್ಷೆಗೆ ಸೈರನ್ ಕೂಗುತ್ತಿರುವಾಗಲೇ ಬ್ಯಾಟರಿ ಮೈನಸ್‌ಗೂ ಬಾಕ್ಸಿನ ಮೈನಸ್ ತಂತಿಗೂ ನಡುವಿನ ವೋಲ್ಟೇಜ್ ಅಳೆಯಿರಿ. 0.2ಕ್ಕಿಂತ ಹೆಚ್ಚು ಬಂದರೆ ಬೋಲ್ಟ್ ಬಿಚ್ಚಿ ಲೋಹ ಹೊಳೆಯುವಷ್ಟು ಉಜ್ಜಿ. ತಂತಿಯ ಸಿಪ್ಪೆ ಸುಲಿಯದೆ ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಬೈಕಿಗೆ ಬಳಸಲೇಬೇಡಿ. ಅವು ಒಂದಷ್ಟು ಎಳೆಗಳನ್ನು ಕತ್ತರಿಸುತ್ತವೆ, ಉಳಿದವನ್ನು ನೀರು ಹಸಿರುಗಟ್ಟಿಸುತ್ತದೆ. ಬೆಸುಗೆ ಅಥವಾ ಕ್ರಿಂಪ್ (ಲೋಹದ ತುಣುಕನ್ನು ಅದುಮಿ ಕೂಡಿಸುವುದು), ಮೇಲೆ ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ. ಬಾಕ್ಸಿನ ಸಾಕೆಟ್ ನೆಲ ನೋಡುತ್ತಿರಲಿ. ತಂತಿ ಸಾಕೆಟ್ಟಿಗಿಂತ ಕೆಳಕ್ಕೆ ಇಳಿದು ಬಾಗಿ ಮೇಲೆ ಬಂದರೆ ನೀರು ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಕಂಪನ ಸೆನ್ಸರ್ ಫ್ರೇಮಿಗೆ ಬಿಗಿಯಾಗಿ ಅಂಟಿರಬೇಕು. ವೈರಿಂಗ್ ಗಂಟಿಗೆ ಕಟ್ಟಿದರೆ ಬಾಕ್ಸ್ ತಾನೇ ಅಲುಗಾಡಿ ಕೂಗುತ್ತದೆ, ದಪ್ಪ ಸ್ಪಂಜಿನಲ್ಲಿ ಸುತ್ತಿದರೆ ಗುದ್ದಿದರೂ ತಿಳಿಯುವುದಿಲ್ಲ. ಸೂಕ್ಷ್ಮತೆಯನ್ನು ಅತಿ ಕಡಿಮೆಯಿಂದ ಶುರು ಮಾಡಿ. ಸೀಟಿಗೆ ಅಂಗೈಯಿಂದ ತಟ್ಟಿದಾಗ ಚಿಕ್ಕ ಎಚ್ಚರಿಕೆ, ಸೈಡ್ ಸ್ಟ್ಯಾಂಡಿನಿಂದ ಎತ್ತಿದಾಗ ಪೂರ್ತಿ ಸೈರನ್, ಅಷ್ಟಾದರೆ ಸಾಕು. ಕವರ್ ಹೊದಿಸುವ ಬೈಕಾದರೆ ಕವರ್ ಹೊದಿಸಿಯೇ ಪರೀಕ್ಷಿಸಿ, ಗಾಳಿಗೆ ಅದು ಬಡಿಯುವುದೂ ಲೆಕ್ಕಕ್ಕೆ ಬರುತ್ತದೆ.

ರಿಮೋಟ್ ಹತ್ತಿರದಿಂದ ಮಾತ್ರ ಕೆಲಸ ಮಾಡಿದರೆ ಮೊದಲು ಸೆಲ್ ಬದಲಿಸಿ. ಹೊಸ ಸೆಲ್ಲಿಗೂ ಸರಿಹೋಗದಿದ್ದರೆ ಬಾಕ್ಸಿನಿಂದ ಹೊರಬಂದ ಒಂಟಿ ಆಂಟೆನಾ ತಂತಿ ಹುಡುಕಿ. 433.92 ಮೆಗಾಹರ್ಟ್ಸ್ ರಿಮೋಟಿಗೆ ಅದು ಸಾಮಾನ್ಯವಾಗಿ ಸುಮಾರು 17 ಸೆಂಟಿಮೀಟರ್ ಉದ್ದ, ಅಂದರೆ ಆ ರೇಡಿಯೋ ಅಲೆಯ ಉದ್ದದ ಕಾಲುಭಾಗ. 'ಉಪಯೋಗವಿಲ್ಲದ ತಂತಿ' ಎಂದು ಅದನ್ನು ಕತ್ತರಿಸಿ ಟೇಪ್ ಸುತ್ತಿದ್ದನ್ನು ಎಷ್ಟು ಬೈಕುಗಳಲ್ಲಿ ನೋಡಬೇಕೋ! ಅದು ಲೋಹದಿಂದ ದೂರ, ನೇರವಾಗಿರಬೇಕು. ಎಂಜಿನ್ ಓಡುವಾಗ ಮಾತ್ರ ರಿಮೋಟ್ ಸೋಲುತ್ತಿದ್ದರೆ ರೆಸಿಸ್ಟರ್ ಇರುವ ಸ್ಪಾರ್ಕ್ ಪ್ಲಗ್ ಹಾಕಿ ನೋಡಿ.

ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಸೈರನ್ ಎಷ್ಟು ಜೋರು ಎಂಬುದಲ್ಲ, ರಿಮೋಟ್ ಬಾಕ್ಸಿಗೆ ಕಳಿಸುವ ಕೋಡ್ ಪ್ರತಿ ಸಲ ಬದಲಾಗುತ್ತದೆಯೇ ಎಂಬುದು. ಇವಿ1527 ಬಗೆಯ ಅಗ್ಗದ ಚಿಪ್ ಪ್ರತಿ ಸಲ ಒಂದೇ ಕೋಡ್ ಕಳಿಸುತ್ತದೆ. ಗೇಟಿನ ರಿಮೋಟ್ ನಕಲು ಮಾಡುವ ಸಾಧನವೇ ಅದನ್ನೂ ನಕಲು ಮಾಡುತ್ತದೆ. ಒತ್ತಿದಾಗಲೆಲ್ಲ ಕೋಡ್ ಬದಲಾಗುವ ರೋಲಿಂಗ್ ಕೋಡ್ ಇದ್ದರೆ ಹಾಗಾಗದು. ಆದರೆ ಅದರ ರಿಮೋಟನ್ನು ಮಕ್ಕಳು ಬೈಕಿನಿಂದ ದೂರದಲ್ಲಿ ನೂರಾರು ಸಲ ಒತ್ತಿದರೆ ರಿಮೋಟಿಗೂ ಬಾಕ್ಸಿಗೂ ನಡುವಿನ ಎಣಿಕೆ ತಪ್ಪಬಹುದು, ಆಗ ಬಾಕ್ಸಿಗೆ ರಿಮೋಟನ್ನು ಮತ್ತೆ ಕಲಿಸಿಕೊಡಬೇಕು.

ಬಲ ಇಂಡಿಕೇಟರ್ ಹಾಕಿದರೆ ನಾಲ್ಕೂ ಮಿನುಗುತ್ತಿವೆಯೇ? ಅಲಾರಂ ಕೂಡಿಸುವಾಗ ಎರಡು ಬದಿಯ ಇಂಡಿಕೇಟರ್ ತಂತಿಗಳನ್ನು ಡಯೋಡ್ ಇಲ್ಲದೆ ಒಂದೇ ಗಂಟು ಹಾಕಿದ್ದಾರೆ. ಬದಿಗೊಂದು ಡಯೋಡ್ ಬೇಕು. ಕೈಗೆ ಸಿಗುವ 1ಎನ್4007 ಹಾಕಬೇಡಿ, ಅದು ತಾಳುವುದು 1 ಆಂಪಿಯರ್. ಬದಿಗೆ ಎರಡು 10 ವ್ಯಾಟ್ ಬಲ್ಬ್ ಎಂದರೆ ಸುಮಾರು 1.7 ಆಂಪಿಯರ್. 3 ಆಂಪಿಯರಿನ 1ಎನ್5408 ಸರಿ.

ಎಂಜಿನ್ ಕಟ್, ಅಂದರೆ ಅಲಾರಂ ಎಂಜಿನ್ ಓಡದಂತೆ ತಡೆಯುವ ಜೋಡಣೆಯ ವಿಷಯದಲ್ಲಿ ಆಗುವ ತಪ್ಪು ದುಬಾರಿ. ಸಿಡಿಐ ಎಂದರೆ ಸ್ಪಾರ್ಕ್ ಕೊಡುವ ಪೆಟ್ಟಿಗೆ. ಅದು ಎಂಜಿನ್ನಿನ ಕಾಯಿಲ್‌ನಿಂದ ಕರೆಂಟ್ ಪಡೆಯುವ ಎಸಿ ಸಿಡಿಐ ಬೈಕಿನಲ್ಲಿ ಕಿಲ್ ತಂತಿಯನ್ನು (ಎಂಜಿನ್ ನಿಲ್ಲಿಸುವ ತಂತಿ) ಅರ್ತ್ ಮಾಡಿದರೆ ಸ್ಪಾರ್ಕ್ ನಿಲ್ಲುತ್ತದೆ. ಬ್ಯಾಟರಿಯಿಂದ ಕರೆಂಟ್ ಪಡೆಯುವ ಡಿಸಿ ಸಿಡಿಐ ಮತ್ತು ಇಂಜೆಕ್ಷನ್ ಬೈಕುಗಳಲ್ಲಿ ಹಾಗಲ್ಲ, ಪ್ಲಸ್ ದಾರಿಯನ್ನೇ ಕಡಿಯಬೇಕು. ಮೊದಲನೆಯ ಉಪಾಯವನ್ನು ಎರಡನೆಯದಕ್ಕೆ ಹಚ್ಚಿದರೆ ಫ್ಯೂಸ್ ಹಾರುತ್ತದೆ, ಅದೃಷ್ಟ ಕೆಟ್ಟರೆ ವೈರಿಂಗೂ. ಪ್ಲಸ್ ಕಡಿಯಲು ರಿಲೇಯ (ಕರೆಂಟಿನಿಂದ ನಡೆಯುವ ಸ್ವಿಚ್) 30 ಮತ್ತು 87ಎ ಎಂದು ಗುರುತಿರುವ ಕಾಲುಗಳನ್ನು ಬಳಸಿ. ರಿಲೇಯನ್ನು ಎಳೆಯುವ ಕಾಯಿಲ್‌ಗೆ ಕರೆಂಟ್ ಇಲ್ಲದಾಗ ಅವು ಕೂಡಿಯೇ ಇರುತ್ತವೆ, ಓಡುತ್ತಿರುವ ಬೈಕಿನಲ್ಲಿ ಅಲಾರಂ ಸತ್ತರೂ ಎಂಜಿನ್ ನಿಲ್ಲದು. ಕಾಯಿಲ್‌ನ ಪ್ಲಸ್ ಅನ್ನು ಕೀ ಆನ್ ಆದಾಗ ಮಾತ್ರ 12 ವೋಲ್ಟ್ ಬರುವ ತಂತಿಯಿಂದ ಕೊಡಿ, ಅದೂ ರಿಲೇ ಕಡಿಯುವ ಜಾಗಕ್ಕಿಂತ ಮೊದಲೇ. ಬ್ಯಾಟರಿಯಿಂದ ನೇರ ಕೊಟ್ಟರೆ ಲಾಕ್ ಇರುವಷ್ಟು ಹೊತ್ತೂ ಕಾಯಿಲ್ 150 ಮಿಲಿಆಂಪಿಯರಿನಷ್ಟು ಕುಡಿಯುತ್ತದೆ. ಈ ಜೋಡಣೆಗೆ ಒಂದು ಕೊರತೆಯಿದೆ: ಅಲಾರಮ್ಮಿನ ತಂತಿ ಕತ್ತರಿಸಿದವನಿಗೆ ಎಂಜಿನ್ ಬಿಡುಗಡೆ. ಅದಕ್ಕೇ ಇಂಜೆಕ್ಷನ್ ಬೈಕಾದರೆ ಫ್ಯೂಯೆಲ್ ಪಂಪ್ ರಿಲೇಯ ಕಾಯಿಲ್ ತಂತಿಗೆ ಬೇರೆಯಾಗಿ ಒಂದು ಗುಪ್ತ ಸ್ವಿಚ್ ಹಾಕುವುದು ಒಳ್ಳೆಯದು. ಸೀಟಿನಡಿ ಬೇಡ, ಕಳ್ಳ ಮೊದಲು ಕೈಹಾಕುವುದೇ ಅಲ್ಲಿ.

ಇಷ್ಟೆಲ್ಲ ಸರಿಯಿದ್ದರೂ ಇಬ್ಬರು ಎತ್ತಿ ವ್ಯಾನಿಗೆ ಹಾಕುವುದನ್ನು ಅಲಾರಂ ತಡೆಯದು. ಹ್ಯಾಂಡಲ್ ಲಾಕ್ ಬಲವಾಗಿ ತಿರುಚಿದರೆ ಮುರಿಯುತ್ತದೆ. ಕದಲದ ವಸ್ತುವಿಗೆ ಗಟ್ಟಿ ಉಕ್ಕಿನ ಸರಪಳಿಯಿಂದ ಕಟ್ಟುವುದೇ ದಾರಿ. ಕೊಂಡಿ 16 ಮಿಲಿಮೀಟರ್ ದಪ್ಪವಿದ್ದರೆ ಕೈಯಿಂದ ಒತ್ತುವ ಬೋಲ್ಟ್ ಕಟರಿಗೆ ಜಗ್ಗುವುದಿಲ್ಲ, ಗ್ರೈಂಡರಿಗೆ ಮಾತ್ರ ಜಗ್ಗುತ್ತದೆ. ಹಿಂಚಕ್ರ ಮತ್ತು ಫ್ರೇಮ್ ಎರಡನ್ನೂ ಸುತ್ತಿ ಹಾಕಿ. ಮುಂಚಕ್ರಕ್ಕೆ ಹಾಕಿದರೆ ಚಕ್ರ ಬಿಟ್ಟು ಬೈಕ್ ಹೋಗುತ್ತದೆ. ಸರಪಳಿ ನೆಲಕ್ಕೆ ತಾಗಬಾರದು: ತಾಗಿದರೆ ಕಟರಿನ ಒಂದು ಹಿಡಿಯನ್ನು ನೆಲಕ್ಕೂರಿ ಇನ್ನೊಂದರ ಮೇಲೆ ಮೈಭಾರ ಬಿಡಬಹುದು. ಬ್ರೇಕ್ ಡಿಸ್ಕಿಗೆ ಸಿಕ್ಕಿಸುವ ಡಿಸ್ಕ್ ಲಾಕ್ ಹಾಕುವವರು, ಲಾಕ್ ಇರುವುದು ಕಣ್ಣಿಗೆ ಬೀಳುವಂತೆ ಅಲ್ಲಿಂದ ಹ್ಯಾಂಡಲ್‌ವರೆಗೆ ನೆನಪಿನ ಕೇಬಲ್ಲೂ ಹಾಕಿ. ಮರೆತು ಹೊರಟರೆ ಲಾಕ್ ಕ್ಯಾಲಿಪರಿಗೆ (ಡಿಸ್ಕನ್ನು ಹಿಡಿಯುವ ಬ್ರೇಕ್ ಭಾಗ) ಬಡಿದು, ಬೈಕೂ ಬೀಳುತ್ತದೆ, ಸವಾರನೂ.

ಬೈಕ್ ಎಲ್ಲಿದೆ ಎಂದು ಫೋನಿಗೆ ತಿಳಿಸುವ ಟ್ರ್ಯಾಕರ್ ಇದ್ದರೆ ಅದಕ್ಕೆ ಒಳಬ್ಯಾಟರಿ ಇರಲಿ, ಅಲಾರಮ್ಮಿನ ಫ್ಯೂಸಿಗೆ ಕೂಡಿಸಬೇಡಿ, ಮೇಲೆ ಪ್ಲಾಸ್ಟಿಕ್ ಮಾತ್ರ ಇರುವ ಕಡೆ ಇಡಿ. ಲೋಹದಡಿ ಉಪಗ್ರಹದ ಸಿಗ್ನಲ್ ಸಿಗದು. ತಿಂಗಳಿಗೊಮ್ಮೆ ಬ್ಯಾಟರಿ ತಂತಿ ಬಿಚ್ಚಿ, ಫೋನಿನಲ್ಲಿ ಎಚ್ಚರಿಕೆ ಬರುತ್ತದೆಯೇ ನೋಡಿ. ಬರದಿದ್ದರೆ ಬಹುಪಾಲು ಸಿಮ್ಮಿನ ರೀಚಾರ್ಜ್ ಮುಗಿದಿರುತ್ತದೆ.