ಓದೋಕಲ್ಲ, ಬರೆಯೋಕೆ

ಹೋದ ಭಾನುವಾರ ವಿಡಿಯೊ ಕಾಲ್‌ನಲ್ಲಿ ಅಣ್ಣನ ಮಗಳಿಗೆ, "ಪುಟ್ಟಿ, ನಿನ್ನ ಕನ್ನಡ ಪುಸ್ತಕ ತಗೊಂಡು ಬಾ, ಒಂದು ಪಾಠ ಓದು, ಕೇಳ್ತೀನಿ" ಅಂದೆ. ಬೆಂಗಳೂರಿನಲ್ಲಿ ಎರಡನೇ ಕ್ಲಾಸು ಅವಳು. "ಅದು ಓದೋಕಲ್ಲ ಅತ್ತೆ, ಬರೆಯೋಕೆ" ಅಂದಳು. ತಮಾಷೆಗೆ ಹೇಳಿದ್ದಲ್ಲ. ಓದೋಕೆ ಇಂಗ್ಲಿಷ್ ಪುಸ್ತಕ, ಕಾಪಿ ಬರೆಯೋಕೆ ಕನ್ನಡ ಪುಸ್ತಕ. ಅವಳಿಗೆ ಗೊತ್ತಿರುವುದೇ ಅಷ್ಟು. ನನಗೆ ಮಾತ್ರ ಆ ಮಾತು ಇನ್ನೂ ಚುಚ್ಚುತ್ತಿದೆ.

ನೋಟ್‌ಬುಕ್ ತೋರಿಸಿದಳು. ಪುಟಗಟ್ಟಲೆ ಕಾಗುಣಿತ, ದುಂಡಗಿನ ಅಕ್ಷರ. ಪದ್ಯವನ್ನೂ ಗಡಗಡ ಹೇಳಿದಳು. "ನಡುವಿನ ಸಾಲಿನ ಮೇಲೆ ಬೆರಳಿಡು, ಅಲ್ಲೇನಿದೆ?" ಅಂದೆ. ಮೊದಲಿನಿಂದ ಹೇಳಿಕೊಂಡು ಬಂದು ಆ ಸಾಲು ಮುಟ್ಟಿದಳು. ಇಷ್ಟು ಚುರುಕಾದ ಹುಡುಗಿ!

ನಾನು ಲೀಡ್ಸ್‌ನ ಒಂದು ಪ್ರೈಮರಿ ಶಾಲೆಯಲ್ಲಿ ಟೀಚಿಂಗ್ ಅಸಿಸ್ಟೆಂಟ್. ಒಂದೊಂದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುವುದು ನನ್ನ ಕೆಲಸ. ಬಾಯಿಪಾಠ ಯಾವುದು, ಓದು ಯಾವುದು ಅಂತ ನೋಡಲು ಇಲ್ಲಿ ಒಂದು ಪರೀಕ್ಷೆಯೇ ಇದೆ. 2012ರಲ್ಲಿ ಇಂಗ್ಲೆಂಡಿನ ಶಾಲೆಗಳಿಗೆ ಬಂದದ್ದು. ಆರು ವರ್ಷದ ಆಸುಪಾಸಿನ ಮಕ್ಕಳು ಜೂನ್‌ನಲ್ಲಿ 40 ಪದ ಓದಬೇಕು. ಅದರಲ್ಲಿ 20 ಪದಕ್ಕೆ ಅರ್ಥವೇ ಇಲ್ಲ. ಅವುಗಳ ಪಕ್ಕದಲ್ಲಿ ಒಂದು ವಿಚಿತ್ರ ಪ್ರಾಣಿಯ ಚಿತ್ರ ಇರುತ್ತದೆ. ಹಿಂದೆಂದೂ ಕೇಳದ ಪದ, ಹಾಗಾಗಿ ಅಕ್ಷರದ ಸದ್ದು ಕೂಡಿಸಿಯೇ ಓದಬೇಕು. ಇಂಗ್ಲಿಷ್ ಸ್ಪೆಲ್ಲಿಂಗಿನ ಗೋಜಲು ಗೊತ್ತೇ ಇದೆ, ಅಲ್ವಾ? ಅದನ್ನು ದಾಟಿಸಲು ಇವರಿಗೆ ಎಷ್ಟು ತಾಳ್ಮೆ ಅಂತೀರಿ. ಬಹುಪಾಲು ಬರೆದ ಹಾಗೇ ಓದುವ ನಮ್ಮ ಕನ್ನಡಕ್ಕೆ ಅದರ ಅರ್ಧದಷ್ಟು ತಾಳ್ಮೆ ಸಿಕ್ಕಿದ್ದರೂ ಸಾಕಿತ್ತು.

ಇಲ್ಲಿ ಎಷ್ಟೋ ಶಾಲೆಗಳಲ್ಲಿ ಎ, ಬಿ, ಸಿ ಅಂತ ಶುರು ಮಾಡುವುದಿಲ್ಲ. ಎಸ್, ಎ, ಟಿ, ಪಿ, ಐ, ಎನ್ ಮೊದಲು. ಇಷ್ಟು ಬಂದರೆ ಪಿನ್, ಟಿನ್, ಟ್ಯಾಪ್ ಎಲ್ಲ ಆ ವಾರವೇ ಓದಬಹುದು. ಇದೇನೋ ಹೊರದೇಶದ ಜಾಣತನ ಅಂದುಕೊಳ್ಳಬೇಡಿ. ನಮ್ಮ ಸರ್ಕಾರದ ಒಂದನೇ ತರಗತಿಯ ಕನ್ನಡವೂ ರ, ಗ, ಸ, ದ, ಅ ಅಂತಲೇ ಶುರುವಾಗುತ್ತದೆ. ಐದೇ ಅಕ್ಷರಕ್ಕೆ ಸರ, ಅರಸ, ಅಗಸ, ಗರಗಸ! 1995ರಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಹುಟ್ಟಿದ ನಲಿ-ಕಲಿ ಅನ್ನುವ ಪದ್ಧತಿಯಲ್ಲಿ ಪ್ರತಿ ಮಗು ಕಾರ್ಡು ಹಿಡಿದು ಕಲಿಯುತ್ತಾ ಕಲಿಕಾ ಏಣಿಯನ್ನು, ಅಂದರೆ ಪಾಠದ ಮೆಟ್ಟಿಲುಗಳನ್ನು, ತನ್ನ ವೇಗದಲ್ಲೇ ಹತ್ತುತ್ತದೆ.

ನಮ್ಮ ಚಿಕ್ಕಮ್ಮ ಮಾಗಡಿ ಕಡೆ ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದರು. ನಾನು ಕಾಲೇಜಿನಲ್ಲಿದ್ದಾಗ ಅವರ ಮನೆಗೆ ಹೋದರೆ ಹಾಲ್ ತುಂಬಾ ಕಾರ್ಡು. ಹಳೆ ಲಗ್ನಪತ್ರಿಕೆ ಕತ್ತರಿಸಿ, ಹಿಂಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ಪದ ಬರೆಯುತ್ತಿದ್ದರು. ಇಲಾಖೆ ಕೊಟ್ಟ ಕಾರ್ಡು ಇದ್ದರೂ ಅವರಿಗೆ ಸಾಲದು. "ಅವನಿಗೆ ಒತ್ತಕ್ಷರ ಇನ್ನೂ ಬಂದಿಲ್ಲ ಕಣೇ, ಅವನಿಗೇ ಅಂತ ಬೇರೆ ಮಾಡ್ಬೇಕು" ಅನ್ನುತ್ತಿದ್ದರು. ಆ ಹುಡುಗನ ಮನೆಯಲ್ಲಿ ಕ್ಯಾಲೆಂಡರ್ ಬಿಟ್ಟರೆ ಓದಲು ಬೇರೇನೂ ಇರಲಿಲ್ಲವಂತೆ. ನಮ್ಮ ಪುಟ್ಟಿಯ ಕೋಣೆಯಲ್ಲಿ ಒಂದು ಕಪಾಟು ತುಂಬಾ ಪುಸ್ತಕ. ಕನ್ನಡದ್ದು ಆ ಪಠ್ಯಪುಸ್ತಕ ಒಂದೇ.

2015ರ ಕಾಯ್ದೆ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡ ಕಲಿಸಲೇಬೇಕು. ಅವಳ ಶಾಲೆಯಲ್ಲೂ ಕಲಿಸುತ್ತಾರೆ. ಆ ಟೀಚರ್ ಮೇಲೆ ನನಗೆ ಸಿಟ್ಟಿಲ್ಲ. ಈ ವಯಸ್ಸಿನ ಮಕ್ಕಳ ಕ್ಲಾಸಿನಲ್ಲಿ ಇಲ್ಲಿ ಒಬ್ಬ ಟೀಚರ್‌ಗೆ 30 ಮಕ್ಕಳೇ ಮಿತಿ, ಕಾನೂನೇ ಹಾಗಿದೆ. ಜೊತೆಗೆ ನನ್ನಂಥವರು ಇರುತ್ತಾರೆ. ಅಲ್ಲಿ ಆಕೆ ಒಬ್ಬರೇ, ಕ್ಲಾಸಿನ ತುಂಬಾ ಮಕ್ಕಳು. ಕಾಪಿ ಬರೆಸಿದರೆ ಎಲ್ಲರೂ ಸುಮ್ನೆ ಕೂರುತ್ತಾರೆ.

ಆ ದಿನವೇ ಪುಟ್ಟಿಗೆ ಸುಳ್ಳು ಪದ ಬರೆದು ತೋರಿಸಿದೆ. ದಗಸ, ಸಗರದ, ಗದಗರ. ಬಾಯಿಪಾಠಕ್ಕೆ ದಾರಿಯೇ ಇಲ್ಲ. ಬಿಡಿಬಿಡಿಯಾಗಿ ಓದಿದಳು, ನಗುತ್ತಾ ಇನ್ನೂ ಬೇಕು ಅಂದಳು. ಗದಗರ ಅಂದರೆ ಮೂರು ಕಾಲಿನ ಆನೆಯಂತೆ.

ಅಣ್ಣನಿಗೆ ಹೇಳಿದೆ, ಪೇರೆಂಟ್ಸ್ ಮೀಟಿಂಗಿನಲ್ಲಿ ಕನ್ನಡ ಟೀಚರನ್ನೂ ಮಾತಾಡಿಸು ಅಂತ. "ಅವರ ಟೇಬಲ್ ಹತ್ರ ಯಾರೂ ಹೋಗಲ್ಲ ಕಣೇ, ಎಲ್ಲರೂ ಮ್ಯಾಥ್ಸ್, ಇಂಗ್ಲಿಷ್ ಹತ್ರಾನೇ" ಅಂದ. ಮುಂದಿನ ಮೀಟಿಂಗಿಗೆ ಮೊದಲು ಅಲ್ಲೇ ಹೋಗಿ ಕೂರು, ವಾರಕ್ಕೆ ಒಂದು ಸಲವಾದರೂ ಪ್ರತಿ ಮಗುವಿನ ಕೈಲಿ ಗಟ್ಟಿಯಾಗಿ ಓದಿಸೋಕೆ ನಾವೇನು ಸಹಾಯ ಮಾಡಬಹುದು ಅಂತ ಕೇಳು ಅಂದಿದ್ದೀನಿ. ಹೋಗ್ತೀನಿ ಅಂದಿದ್ದಾನೆ.