ವಯೋಮಿಂಗ್: ಬೇಟೆಗಾರರು ಕಾಯುವ ಜಿಂಕೆ ದಾರಿ

ಸಾಲ್ಟ್ ಲೇಕ್ ಸಿಟಿಯಿಂದ ಯೆಲ್ಲೋಸ್ಟೋನ್‌ಗೆ ಹೊರಡುವ ನಮ್ಮವರು ಸಾಮಾನ್ಯವಾಗಿ ಐಡಾಹೊ ಮೇಲೆ ಹೋಗುತ್ತಾರೆ. ಹತ್ತಿರದ ದಾರಿ ಅದೇ. ನಾವು ಮೇ ತಿಂಗಳಲ್ಲಿ ಬೇಕೆಂದೇ ಸುತ್ತು ಹಾಕಿದೆವು. ಐ-80 ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋಗಿ ವಯೋಮಿಂಗ್‌ನ ಗ್ರೀನ್ ರಿವರ್, ರಾಕ್ ಸ್ಪ್ರಿಂಗ್ಸ್ ಸೇರಿ, ಅಲ್ಲಿಂದ 191ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಪೈನ್‌ಡೇಲ್ ಕಡೆ ತಿರುಗಿದೆವು. ಆ ತಿಂಗಳು ಅಲ್ಲಿ ಸಾವಿರಾರು ಜಿಂಕೆಗಳು ಬಯಲು ಬಿಟ್ಟು ಬೆಟ್ಟಕ್ಕೆ ನಡೆಯುತ್ತಿರುತ್ತವೆ. ಅವು ನಡೆಯುವ ದಾರಿ ಇನ್ನೂ ತೆರೆದಿರುವುದಕ್ಕೆ ಬೇಟೆಗಾರರು ದೊಡ್ಡ ಕಾರಣ ಎಂದು ಕೇಳಿದ್ದೆ. ಅದನ್ನು ಕಣ್ಣಾರೆ ನೋಡಬೇಕಿತ್ತು.

ಊರಿಂದ ಬಂದಿದ್ದ ಮಾವನವರೂ ಜೊತೆಗಿದ್ದರು. ಗುಂಡ್ಲುಪೇಟೆ ಪಕ್ಕದಲ್ಲಿ ಅವರ ಜಮೀನು. ಸೂರ್ಯಕಾಂತಿ, ಅರಿಶಿನ, ಚೆಂಡುಹೂವು ಬೆಳೆಯುತ್ತಾರೆ. ಬಂಡೀಪುರದ ಕಾಡು ದೂರವಿಲ್ಲ. ಜಿಂಕೆ ಎಂದರೆ ಅವರಿಗೆ ಸಫಾರಿಯಲ್ಲಿ ನೋಡುವ ಪ್ರಾಣಿಯಲ್ಲ, ರಾತ್ರಿ ಹೊಲಕ್ಕೆ ಇಳಿಯುವ ಪ್ರಾಣಿ. ಹಾಗಿದ್ದರೂ ಬೇಟೆಗಾರರು ಜಿಂಕೆ ಕಾಯುತ್ತಾರೆ ಎಂದಾಗ ಅವರಿಗೆ ನಂಬಿಕೆ ಬರಲಿಲ್ಲ. "ಹೊಡೆಯೋರು ಕಾಯ್ತಾರಾ ಅಳಿಯಂದ್ರೇ?" ಎಂದರು. ನೋಡೋಣ ಮಾವ ಎಂದೆ.

ಇಲ್ಲಿನ ಜಿಂಕೆಗೆ ಮ್ಯೂಲ್ ಡಿಯರ್ ಎನ್ನುತ್ತಾರೆ. ಹೇಸರಗತ್ತೆಯಂತೆ ದೊಡ್ಡ ಕಿವಿ. ನಮ್ಮ ಚುಕ್ಕೆ ಜಿಂಕೆಗಿಂತ ಮೈಕಟ್ಟು ಜಾಸ್ತಿ, ಕಡವೆಗಿಂತ ಕಡಿಮೆ. ಬಾಲದ ತುದಿ ಕಪ್ಪು. ಗಾಬರಿಯಾದರೆ ನಾಲ್ಕೂ ಕಾಲು ಒಟ್ಟಿಗೆ ಎತ್ತಿ ಪುಟಿಯುತ್ತಾ ಓಡುತ್ತದೆ. ಸ್ಥಳೀಯರು ಪ್ರೀತಿಯಿಂದ 'ಮ್ಯೂಲಿ' ಎನ್ನುತ್ತಾರೆ. 1990ರ ದಶಕದ ಆರಂಭದಲ್ಲಿ ಈ ಒಂದು ರಾಜ್ಯದಲ್ಲೇ ಐದು ಲಕ್ಷಕ್ಕೂ ಹೆಚ್ಚು ಇದ್ದವು. ಆಮೇಲೆ ಇಳಿಯುತ್ತಲೇ ಬಂದಿವೆ. ರಸ್ತೆ, ಗ್ಯಾಸ್ ಬಾವಿಗಳು, ಬರ, ಚೀಟ್‌ಗ್ರಾಸ್ ಎಂಬ ಹೊರಗಿನ ಹುಲ್ಲು, ಪ್ರಾಣಿಯನ್ನು ಸವೆಸಿ ಕೊಲ್ಲುವ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ರೋಗ, ಎಲ್ಲವೂ ಸೇರಿಕೊಂಡಿವೆ.

ಗ್ರೀನ್ ರಿವರ್ ಗಣಿ ಕೆಲಸಗಾರರ ಊರು. ಸುತ್ತಲಿನ ನೆಲದಡಿ ಟ್ರೋನಾ ಎಂಬ ಖನಿಜ ಇದೆ, ಪ್ರಪಂಚದಲ್ಲೇ ಅತಿ ದೊಡ್ಡ ನಿಕ್ಷೇಪ. ಅದರಿಂದ ಗಾಜಿನ ಕಾರ್ಖಾನೆಗಳಿಗೆ ಬೇಕಾದ ಸೋಡಾ ಆ್ಯಶ್ ತೆಗೆಯುತ್ತಾರೆ. ಊರಿನ ತಲೆಯ ಮೇಲೆ ಕ್ಯಾಸಲ್ ರಾಕ್ ಎಂಬ ಕಂದು ಬಂಡೆ ನಿಂತಿದೆ. ಮ್ಯೂಲಿ ಫ್ಯಾನಾಟಿಕ್ ಫೌಂಡೇಶನ್ ಹುಟ್ಟಿದ್ದು ಈ ಊರಲ್ಲೇ. ಜಿಂಕೆ ಕಡಿಮೆಯಾಗುವುದನ್ನು ನೋಡಲಾರದೆ ಇಲ್ಲಿನ ಬೇಟೆಗಾರರೇ ಕಟ್ಟಿದ ಲಾಭರಹಿತ ಸಂಸ್ಥೆ ಅದು.

ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ತಿಂಡಿಗೆ ಕೂತಾಗ ಟ್ರೋನಾ ಗಣಿಯಲ್ಲಿ ದುಡಿದು ನಿವೃತ್ತರಾದ ಒಬ್ಬ ಹಿರಿಯರು ಸಿಕ್ಕರು. ಹುಡುಗನಾಗಿದ್ದಾಗಿನಿಂದ ಬೇಟೆಯಾಡುವವರು. ಮಾವ ನನ್ನ ಮೂಲಕ ಕೇಳಿದ ಪ್ರಶ್ನೆಗಳಿಗೆಲ್ಲ ಸಮಾಧಾನವಾಗಿ ಉತ್ತರ ಕೊಟ್ಟರು. ಆಮೇಲೆ ಅವರೇ ಕೇಳಿದರು, "ನಿಮ್ಮ ಊರಲ್ಲಿ ಜಿಂಕೆಗೆ ದುಡ್ಡು ಯಾರು ಕೊಡ್ತಾರೆ?" ಸರ್ಕಾರ ಎಂದೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಜಿಂಕೆ ಹೊಡೆದರೆ ಜೈಲು ಎಂದೂ ಹೇಳಿದೆವು. ಅವರು ತಲೆಯಾಡಿಸಿ, "ಇಲ್ಲಿ ನಾವೇ ಕೊಡಬೇಕು" ಎಂದರು.

ಆ ಲೆಕ್ಕ ಹೀಗಿದೆ. ವಯೋಮಿಂಗ್‌ನ ವನ್ಯಜೀವಿ ಇಲಾಖೆಗೆ ಬರುವ ಹಣದಲ್ಲಿ ದೊಡ್ಡ ಪಾಲು ಬೇಟೆ ಮತ್ತು ಮೀನು ಹಿಡಿಯುವ ಲೈಸೆನ್ಸ್ ಶುಲ್ಕದ್ದು. ಅದರ ಜೊತೆಗೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆ ಇದೆ. ಬೇಟೆ ಬಂದೂಕು ಮತ್ತು ತೋಟಾಗಳ ಮೇಲೆ ನೂರಕ್ಕೆ 11ರಷ್ಟು ಕೇಂದ್ರ ತೆರಿಗೆ ಬೀಳುತ್ತದೆ. ಆ ಹಣ ವನ್ಯಜೀವಿ ಕೆಲಸಕ್ಕೆಂದೇ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಇದರ ಮೇಲೆ ಬೇಟೆಗಾರರ ಸಂಘಗಳು ತಾವೇ ದುಡ್ಡು ಎತ್ತುತ್ತವೆ. ವರ್ಷಕ್ಕೊಮ್ಮೆ ದೊಡ್ಡ ಊಟ ಇಡುತ್ತಾರೆ. ಅಲ್ಲಿ ಲಾಟರಿ ಚೀಟಿ, ಹರಾಜು ಎಲ್ಲ ಇರುತ್ತದೆ. ಕೆಲವು ವಿಶೇಷ ಬೇಟೆ ಪರವಾನಗಿಗಳನ್ನು ರಾಜ್ಯವೇ ಹರಾಜಿಗೆ ಕೊಡುತ್ತದೆ. ಒಂದೊಂದು ಪರವಾನಗಿಯೂ ಸಾವಿರಾರು ಡಾಲರ್‌ಗೆ ಹೋಗುತ್ತದೆ.

ಹೀಗೆ ಬಂದ ಹಣ ಎಲ್ಲಿಗೆ ಹೋಗುತ್ತದೆ ಎನ್ನುವುದು ನನಗೆ ಮುಖ್ಯ. ಮ್ಯೂಲಿ ಫ್ಯಾನಾಟಿಕ್‌ನವರು ವಯೋಮಿಂಗ್ ವಿಶ್ವವಿದ್ಯಾಲಯದ ಸಂಶೋಧಕರೊಂದಿಗೆ ಸೇರಿ ರಾಕ್ ಸ್ಪ್ರಿಂಗ್ಸ್ ದಕ್ಷಿಣದ ಲಿಟಲ್ ಮೌಂಟನ್ ಸುತ್ತ ಒಂದು ದೊಡ್ಡ ಅಧ್ಯಯನಕ್ಕೆ ನೆರವಾಗಿದ್ದಾರೆ. ಎಲ್ಕ್ ಎಂಬ ದೊಡ್ಡ ಜಿಂಕೆ ಹೆಚ್ಚಾಗುತ್ತಿರುವ ಜಾಗದಲ್ಲಿ ಮ್ಯೂಲ್ ಡಿಯರ್ ಯಾಕೆ ಸೊರಗುತ್ತಿದೆ? ಎರಡಕ್ಕೂ ಕಾಲರ್ (ಓಡಾಟ ತಿಳಿಸುವ ಕೊರಳಪಟ್ಟಿ) ಹಾಕಿ ಇದನ್ನು ಪತ್ತೆ ಮಾಡುವ ಕೆಲಸ. ಎಲ್ಕ್ ಬೇಟೆಯೂ ಇವರಿಗೆ ಇಷ್ಟವೇ. ತಮಗೆ ಬೇಡವಾದ ಉತ್ತರ ಬರಬಹುದಾದ ಪ್ರಶ್ನೆಗೂ ದುಡ್ಡು ಹಾಕಿದ್ದಾರೆ ಎನ್ನುವುದು ನನಗೆ ತುಂಬಾ ಹಿಡಿಸಿತು.

ರಾಕ್ ಸ್ಪ್ರಿಂಗ್ಸ್ ದಾಟಿದರೆ ರೆಡ್ ಡೆಸರ್ಟ್. ಮರವೇ ಇಲ್ಲ. ಕಣ್ಣು ಹಾಯುವವರೆಗೂ ಬೂದು ಬಣ್ಣದ ಸೇಜ್‌ಬ್ರಷ್ ಪೊದೆ. ಮಳೆ ಬಿದ್ದರೆ ಅದರ ಘಾಟು ವಾಸನೆ ಕಾರಿನೊಳಗೂ ತುಂಬುತ್ತದೆ. ಚಳಿಗಾಲದಲ್ಲಿ ಬೆಟ್ಟಗಳ ಜಿಂಕೆಗಳು ಇಲ್ಲಿಗೆ ಇಳಿದು ಈ ಪೊದೆಯನ್ನೇ ಮೇಯ್ದು ಬದುಕುತ್ತವೆ. ಆದರೆ ಮೊದಲು ಇವು ವರ್ಷವಿಡೀ ಇಲ್ಲೇ ಇರುವ ಜಿಂಕೆಗಳು ಎಂದೇ ಎಲ್ಲರೂ ತಿಳಿದಿದ್ದರು. 2011ರಲ್ಲಿ ಹಾಲ್ ಸಾಯರ್ ಎಂಬ ಜೀವವಿಜ್ಞಾನಿ ಕೆಲವು ಜಿಂಕೆಗಳಿಗೆ ಜಿಪಿಎಸ್ ಕಾಲರ್ ಹಾಕಿದರು. ವಸಂತ ಬಂದಾಗ ಅವು ಉತ್ತರಕ್ಕೆ ನಡೆದೇ ನಡೆದು, 150 ಮೈಲಿ ಆಚೆಯ ಹೋಬ್ಯಾಕ್ ಕಣಿವೆಯಲ್ಲಿ ನಿಂತವು. ಸುಮಾರು 240 ಕಿ.ಮೀ. ಮೈಸೂರಿನಿಂದ ಮಂಗಳೂರಿಗೆ ಹೆಚ್ಚುಕಡಿಮೆ ಅಷ್ಟೇ ದೂರ.

ಇನ್ನೊಂದು ಹೆಣ್ಣು ಜಿಂಕೆ ಅದನ್ನೂ ಮೀರಿಸಿತು. ಅದರ ನಂಬರ್ 255. 2016ರಲ್ಲಿ ಇದೇ ಬಯಲಿನಲ್ಲಿ ಕಾಲರ್ ಹಾಕಿದ ಅದು 242 ಮೈಲಿ ನಡೆದು ಐಡಾಹೊದ ಐಲ್ಯಾಂಡ್ ಪಾರ್ಕ್ ತಲುಪಿತು. ಅಲ್ಲಿಗೆ ಕಾಲರ್ ಕೆಟ್ಟಿತು. ಎರಡು ವರ್ಷದ ನಂತರ ಸಂಶೋಧಕರು ಚಳಿಗಾಲದಲ್ಲಿ ಜಿಂಕೆ ಹಿಡಿಯುತ್ತಿದ್ದಾಗ ಅದೇ 255 ಮತ್ತೆ ಸಿಕ್ಕಿತು, ಮತ್ತೆ ಅಷ್ಟು ದೂರ ಹೋಯಿತು. ಇದನ್ನು ಕೇಳಿ ಮಾವ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಾ ಕೂತರು.

ಈ ಜಿಂಕೆಗಳು ಹಾದಿ ಬದಲಿಸುವುದಿಲ್ಲ. ಮರಿ ತಾಯಿಯ ಹಿಂದೆ ನಡೆದು ಕಲಿಯುತ್ತದೆ, ಆಮೇಲೆ ವರ್ಷ ವರ್ಷವೂ ಅದೇ ದಿಣ್ಣೆ, ಅದೇ ಹೊಳೆ ದಾಟು. ಹಾಗಾಗಿ ನಡುವೆ ಎಲ್ಲೋ ಒಂದು ಕಡೆ ಕಟ್ಟಿದರೂ ಇಡೀ ದಾರಿ ಸತ್ತಂತೆ. ಕಾಡಿನ ತುಂಡೊಂದನ್ನು ಉಳಿಸಿ ಸುತ್ತ ಗಡಿ ಹಾಕುವ ಕ್ರಮ ಇಲ್ಲಿ ನಡೆಯುವುದೇ ಇಲ್ಲ.

ಪೈನ್‌ಡೇಲ್ ಹತ್ತಿರ ಬರುತ್ತಿದ್ದಂತೆ ಬಲಗಡೆ ವಿಂಡ್ ರಿವರ್ ಪರ್ವತಸಾಲು ಹಿಮ ಹೊತ್ತು ನಿಂತಿತ್ತು. ಊರಿನ ಪಕ್ಕ ಫ್ರೀಮಾಂಟ್ ಸರೋವರ. ಊರಿಗೂ ಸರೋವರಕ್ಕೂ ನಡುವೆ ಕಾಲು ಮೈಲಿಯಷ್ಟು ಅಗಲದ ಇಕ್ಕಟ್ಟು ಜಾಗ. ನಾಲ್ಕೈದು ಸಾವಿರ ಜಿಂಕೆ ಅದರಲ್ಲೇ ತೂರಿಹೋಗಬೇಕು. ಅಲ್ಲಿನ 364 ಎಕರೆ ಖಾಸಗಿ ಜಮೀನಿನಲ್ಲಿ ಮನೆಗಳು ಎದ್ದಿದ್ದರೆ ಕಥೆ ಮುಗಿಯುತ್ತಿತ್ತು. ಕನ್ಸರ್ವೇಶನ್ ಫಂಡ್ ಸಂಸ್ಥೆ ಅದನ್ನು ಕೊಂಡು ರಾಜ್ಯದ ವನ್ಯಜೀವಿ ಇಲಾಖೆಗೆ ಒಪ್ಪಿಸಿತು. ಅದಕ್ಕೆ ಓಡಾಡಿದ್ದ ಲ್ಯೂಕ್ ಲಿಂಚ್ 2015ರ ಮೇ ತಿಂಗಳಲ್ಲಿ ಟೀಟನ್ ಬೆಟ್ಟಗಳಲ್ಲಿ ಹಿಮಕುಸಿತಕ್ಕೆ ಸಿಕ್ಕಿ ತೀರಿಕೊಂಡರು. ಜಾಗಕ್ಕೆ ಅವರದೇ ಹೆಸರಿದೆ.

ಸಂಜೆ ದೂರದಲ್ಲೇ ಕಾರು ನಿಲ್ಲಿಸಿ ಬೈನಾಕ್ಯುಲರ್ ಹಿಡಿದೆವು. ಮೊದಲು ಏನೂ ಕಾಣಲಿಲ್ಲ, ಸೇಜ್‌ಬ್ರಷ್ ಬಣ್ಣವೂ ಜಿಂಕೆಯ ಬಣ್ಣವೂ ಒಂದೇ. ಆಮೇಲೆ ಒಂದು ಕಿವಿ ಅಲ್ಲಾಡಿತು. ಅಲ್ಲಿಂದ ಎಲ್ಲಿ ನೋಡಿದರೂ ಜಿಂಕೆ. ಚಳಿಗಾಲ ಕಳೆದು ಪಕ್ಕೆಲುಬು ಕಾಣುವಂತಿದ್ದವು. ಹೊಟ್ಟೆಯಲ್ಲಿ ಮರಿ. ಸರೋವರದ ನೀರು ಹೊರಬೀಳುವ ಕಡೆ ಒಂದು ಇಳಿಯಿತು, ಹಿಂದೆಯೇ ಉಳಿದವು. ಮೈ ಕೊಡವಿಕೊಂಡು ಆಚೆ ದಡ ಹತ್ತಿದವು. ನನ್ನ ಹೆಂಡತಿಯ ಕಣ್ಣು ತುಂಬಿತ್ತು.

ಮರುದಿನ ಊರಾಚೆಯ ಒಂದು ರಾಂಚ್‌ನಲ್ಲಿ, ಅಂದರೆ ದನ ಸಾಕುವ ದೊಡ್ಡ ಜಮೀನಿನಲ್ಲಿ, ಜಿಂಕೆಗೆ ಅಡ್ಡಿಯಾಗದಂತೆ ಬೇಲಿ ಬದಲಿಸುವ ಕೆಲಸ. ಬಂದವರಲ್ಲಿ ಹೆಚ್ಚಿನವರು ಬೇಟೆಗಾರರು, ಕೆಲವರು ಮಕ್ಕಳನ್ನೂ ಕರೆತಂದಿದ್ದರು. ಚರ್ಮದ ಕೈಗವಸು, ಇಕ್ಕಳ, ತಂತಿ ಸುತ್ತುವ ಯಂತ್ರ. ಹಿಂದೆ ಕುರಿಗೆಂದು ಹಾಕಿದ್ದ ಜಾಲರಿ ಬೇಲಿಯನ್ನು ಕಿತ್ತು ನಾಲ್ಕು ತಂತಿಯ ಬೇಲಿ ಹಾಕುವುದು. ಕೆಳಗಿನ ತಂತಿಗೆ ಮುಳ್ಳಿಲ್ಲ, ನೆಲದಿಂದ 16 ಇಂಚು ಮೇಲೆ, ಮರಿ ನುಸುಳಲಿ ಎಂದು. ಮೇಲಿನದು 42 ಇಂಚಿಗಿಂತ ಎತ್ತರ ಇರಬಾರದು. ಮೇಲಿನ ಎರಡು ತಂತಿಗಳ ನಡುವೆ ಅಂತರ ಬಿಡುತ್ತಾರೆ. ಹತ್ತಿರ ಇದ್ದರೆ ಹಾರುವಾಗ ಹಿಂಗಾಲು ಎರಡರ ಮಧ್ಯೆ ತಿರುಚಿಕೊಂಡು ಜಿಂಕೆ ನೇತಾಡಿಕೊಂಡೇ ಸಾಯುತ್ತದೆ. ಹಳೆ ಬೇಲಿಯಲ್ಲಿ ಒಣಗಿದ ಒಂದು ಕಾಲು ಇನ್ನೂ ಸಿಕ್ಕಿಕೊಂಡಿತ್ತು. ಒಬ್ಬ ಹುಡುಗ ಅದನ್ನು ಬಿಡಿಸಿ ಪೊದೆ ಕೆಳಗೆ ಇಟ್ಟ.

ಮಾವ ಸುಮ್ನೆ ನಿಲ್ಲುವವರಲ್ಲ. ಬೇಲಿ ಕೆಲಸ ಅವರಿಗೆ ಹೊಸದೂ ಅಲ್ಲ. ತಂತಿ ಎಳೆದು ಬಿಗಿ ನೋಡಿ, "ಕರು ನುಗ್ಗಲ್ವಾ ಇದರಡೀಲಿ? ಜಮೀನಿನವರು ಒಪ್ಕೊಂಡ್ರಾ?" ಎಂದು ಕೇಳಿದರು. ಇದೇ ಸರಿಯಾದ ಪ್ರಶ್ನೆ. ರಾಂಚ್ ಯಜಮಾನರು ಪಕ್ಕದಲ್ಲೇ ಇದ್ದರು. ದನಕ್ಕೆ ಇಷ್ಟು ಎತ್ತರ ಸಾಕು, ಕರು ಹೋಗುವುದಿಲ್ಲ ಎಂದರು. ಸಾಮಾನಿನ ಖರ್ಚು ಸಂಘಗಳದ್ದು, ದುಡಿಮೆ ಈ ಬೇಟೆಗಾರರದ್ದು. ಪ್ರತಿ ವರ್ಷ ಜಿಂಕೆ ಮುರಿದ ಬೇಲಿ ರಿಪೇರಿ ಮಾಡುವ ಕೆಲಸವೂ ಯಜಮಾನರಿಗೆ ತಪ್ಪುತ್ತದೆ. ರೈತನ ಮೇಲೆ ಖರ್ಚು ಹೊರಿಸದೆ ಅವನ ಹೊಲದಲ್ಲೇ ದಾರಿ ಬಿಡಿಸಿದ್ದು ಮಾವನಿಗೆ ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸಿಗೆ ತಟ್ಟಿತು. ಮಧ್ಯಾಹ್ನದವರೆಗೂ ಇಕ್ಕಳ ಕೆಳಗಿಡಲಿಲ್ಲ.

ಊಟದ ಹೊತ್ತಿಗೆ ಮಾತು 2022-23ರ ಚಳಿಗಾಲಕ್ಕೆ ಹೋಯಿತು. ಆ ವರ್ಷ ಆಳವಾಗಿ ಬಿದ್ದ ಹಿಮ ಗಟ್ಟಿಯಾಗಿ, ಮೇಯಲು ಪೊದೆ ಸಿಗದೆ ಜಿಂಕೆಗಳು ಹಸಿವಿನಿಂದ ಸತ್ತವು. ಪಕ್ಕದ ವಯೋಮಿಂಗ್ ರೇಂಜ್‌ನ ಹಿಂಡಿನಲ್ಲಿ ಆ ವರ್ಷದ ಮರಿಗಳು ಹೆಚ್ಚುಕಡಿಮೆ ಎಲ್ಲವೂ ಹೋದವು. ಬೆಳೆದ ಹೆಣ್ಣುಗಳೂ ಅರ್ಧಕ್ಕಿಂತ ಹೆಚ್ಚು. ಇಲಾಖೆ ಆಮೇಲೆ ಪರವಾನಗಿ ಕಡಿಮೆ ಮಾಡಿತು, ಬೇಟೆಯ ದಿನಗಳನ್ನೂ ಇಳಿಸಿತು. ಅಲ್ಲಿ ಕೂತಿದ್ದವರಲ್ಲಿ ಕೆಲವರು ಇನ್ನಷ್ಟು ಕಡಿಮೆ ಮಾಡಬೇಕಿತ್ತು ಎಂದರು. ಒಬ್ಬ ಹೆಂಗಸು ತಾನು ಆಗಿನಿಂದ ಬಂದೂಕು ಎತ್ತಿಲ್ಲ ಎಂದರು. ಉದುರಿದ ಕೊಂಬು ಆಯುವುದಕ್ಕೂ ಇಲ್ಲಿ ಮೇ 1ರವರೆಗೆ ತಡೆ ಇದೆ. ಜನ ಓಡಾಡಿದರೆ ಸೊರಗಿದ ಜಿಂಕೆ ಓಡಬೇಕಾಗುತ್ತದೆ, ಆ ಓಟಕ್ಕೆ ಅದರ ಮೈಯಲ್ಲಿ ಕಸುವಿರುವುದಿಲ್ಲ.

ಎಲ್ಲದಕ್ಕೂ ನಾನು ತಲೆಯಾಡಿಸಲಿಲ್ಲ. ತೋಳದ ಜಾತಿಯ ಚಿಕ್ಕ ಪ್ರಾಣಿಗಳಾದ ಕಯೋಟಿಗಳನ್ನು ಕೊಂದರೆ ಜಿಂಕೆ ಹೆಚ್ಚುತ್ತದೆ ಎನ್ನುವವರು ಈ ಬಳಗದಲ್ಲಿದ್ದಾರೆ. ಈ ರಾಜ್ಯದಲ್ಲಿ ಕಯೋಟಿಯನ್ನು ವರ್ಷವಿಡೀ ಮಿತಿಯಿಲ್ಲದೆ ಕೊಲ್ಲಬಹುದು. ಇದು ನನಗೆ ಒಪ್ಪಿಗೆಯಿಲ್ಲ, ಅಲ್ಲೇ ಹೇಳಿದೆ. ಜಿಂಕೆಯನ್ನು ಗುರಿಯಿಟ್ಟು ಹೊಡೆಯುವುದನ್ನು ನೋಡಲೂ ನನ್ನಿಂದ ಆಗುವುದಿಲ್ಲ. ಆದರೆ ಬೇಸಿಗೆಯ ಮೊದಲ ಬಿಸಿಲಲ್ಲಿ ತುಕ್ಕು ತಂತಿ ಸುತ್ತುತ್ತಿದ್ದ ಕೈಗಳು ಇವರದೇ. ಜಿಂಕೆಯನ್ನು ಬರೀ ಪ್ರೀತಿಸುವ ನನ್ನಂಥವರು ಅಲ್ಲಿ ಬೆರಳೆಣಿಕೆಯಷ್ಟೇ ಇದ್ದರು.

ಪೈನ್‌ಡೇಲ್‌ನಿಂದ ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ಟ್ರ್ಯಾಪರ್ಸ್ ಪಾಯಿಂಟ್. ಪ್ರಾಂಗ್‌ಹಾರ್ನ್ ಎಂಬ, ಜಿಂಕೆಯಂತೆ ಕಾಣುವ ಪ್ರಾಣಿ ಇಲ್ಲಿ ಆರು ಸಾವಿರ ವರ್ಷದಿಂದ ಹಾಯುತ್ತಿದೆ ಎಂದು ಹಳೆಯ ಬೇಟೆ ನೆಲೆಯ ಮೂಳೆಗಳಿಂದ ಗೊತ್ತಾಗಿದೆ. 2012ರಲ್ಲಿ 191ನೇ ಹೆದ್ದಾರಿಗೆ ಇಲ್ಲಿ ಪ್ರಾಣಿಗಳು ದಾಟಲೆಂದು ಎರಡು ಮೇಲುದಾರಿ, ಆರು ಕೆಳದಾರಿ ಕಟ್ಟಿದರು. ಮೇಲುದಾರಿಯ ಮೇಲೆ ಮಣ್ಣು ಹಾಕಿ ಹುಲ್ಲು ಬೆಳೆಸಿದ್ದಾರೆ. ಮೊದಲ ಮೂರು ವರ್ಷದಲ್ಲೇ 40 ಸಾವಿರಕ್ಕೂ ಹೆಚ್ಚು ಸಲ ಮ್ಯೂಲ್ ಡಿಯರ್ ಇವುಗಳಲ್ಲಿ ದಾಟಿದ್ದು ದಾಖಲಾಯಿತು. ವಾಹನಕ್ಕೆ ಸಿಕ್ಕಿ ಸಾಯುವುದು ಸುಮಾರು ನೂರಕ್ಕೆ 80ರಷ್ಟು ಇಳಿಯಿತು. ಜಿಂಕೆಗೆ ಕೆಳದಾರಿ ಇಷ್ಟ, ಪ್ರಾಂಗ್‌ಹಾರ್ನ್‌ಗೆ ಆಕಾಶ ಕಾಣುವ ಮೇಲುದಾರಿ. ಬಂಡೀಪುರದಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಹೆದ್ದಾರಿ ಮುಚ್ಚುವುದನ್ನು ಮಾವ ದಿನಾ ನೋಡುವವರು. ಹಗಲು ಓಡುವ ಗಾಡಿಗಳ ಮಾತೇನು ಎಂದು ಕೇಳಿದರು. ಅಲ್ಲೂ ಕೆಲವು ಕಡೆ ಇಂಥ ದಾಟು ಬೇಕು ಎಂದು ನನಗೂ ಅನ್ನಿಸುತ್ತದೆ. ರಾತ್ರಿ ತಡೆ ಮಾತ್ರ ತೆಗೆಯಬಾರದು.

ಈ ದಾರಿಯಲ್ಲಿ ಯೆಲ್ಲೋಸ್ಟೋನ್‌ಗೆ ಹೋಗುವವರಿಗೆ ಒಂದೆರಡು ಮಾತು. ಗ್ರೀನ್ ರಿವರ್‌ನಿಂದ ಪೈನ್‌ಡೇಲ್ ಸುಮಾರು ಎರಡು ಗಂಟೆ, ಅಲ್ಲಿಂದ ಜಾಕ್ಸನ್ ಒಂದೂವರೆ ಗಂಟೆ. ಮೇ ತಿಂಗಳಾದರೆ ಸರೋವರದ ಇಕ್ಕಟ್ಟಿನ ಹತ್ತಿರ ಇಳಿದು ನಡೆಯಬೇಡಿ, ಡ್ರೋನ್ ಹಾರಿಸಬೇಡಿ, ದೂರದಿಂದ ನೋಡಿ. ಮುಸ್ಸಂಜೆ ಮತ್ತು ನಸುಕಿನಲ್ಲಿ ಗಾಡಿ ನಿಧಾನಕ್ಕಿರಲಿ. ಒಂದು ಜಿಂಕೆ ದಾಟಿದರೆ ಹಿಂದೆ ಇನ್ನೊಂದು ಇದ್ದೇ ಇರುತ್ತದೆ. ವಯೋಮಿಂಗ್‌ನಲ್ಲಿ ನೆಲೆಸಿರುವ ಕನ್ನಡಿಗರು ಮ್ಯೂಲ್ ಡಿಯರ್ ಚಿತ್ರವಿರುವ ನಂಬರ್ ಪ್ಲೇಟ್ ತೆಗೆದುಕೊಳ್ಳಬಹುದು. 2019ರಿಂದ ಸಿಗುತ್ತಿದೆ. ಅದಕ್ಕೆ ಹೆಚ್ಚುವರಿಯಾಗಿ ಕೊಡುವ ಹಣ ಹೆದ್ದಾರಿಗಳಲ್ಲಿ ಪ್ರಾಣಿಗಳ ದಾಟು ಕಟ್ಟಲು ಹೋಗುತ್ತದೆ. ಬೇಟೆ ಲೈಸೆನ್ಸ್ ಬೇಕಿಲ್ಲ.