ನೋಯುತ್ತೆ ಅಂತ ಹೇಳಿದ ಡಾಕ್ಟರ್

ಮಗಳ ಗದ್ದಕ್ಕೆ ಮೂರು ಹೊಲಿಗೆ ಬಿದ್ದ ಮರುದಿನದ ಮಾತಿದು. ಅವಳಿಗೆ ಆಗ ಐದು ವರ್ಷ. ಮಂಚದಿಂದ ಹಾರಲು ಹೋಗಿ ಕಾಲು ಜಾರಿ, ಅಂಚು ಗದ್ದಕ್ಕೆ ಬಡಿದಿತ್ತು. ರಕ್ತ ನೋಡಿ ನನಗೆ ಕೈಕಾಲೇ ಆಡಲಿಲ್ಲ. ಆಸ್ಪತ್ರೆಯಲ್ಲಿ ಅವಳನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಗಟ್ಟಿಯಾಗಿ ಹಿಡಿದುಕೊಳ್ಳಿ ಎಂದರು. ಹಿಡಿದುಕೊಂಡೆ. "ಏನೂ ಆಗಲ್ಲ ಪುಟ್ಟಿ, ನೋಯೋದೇ ಇಲ್ಲ" ಎಂದೆ. ಜಾಗ ಮರಗಟ್ಟಲು ಕೊಡುವ ಇಂಜೆಕ್ಷನ್ ಚುಚ್ಚಿದಾಗ ಅವಳು ಕಿರುಚಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಮರುದಿನ ಕೆಲಸಕ್ಕೆ ರಜೆ ಹಾಕಿದೆ. ಬೆಳಿಗ್ಗೆ ಎದ್ದಾಗಿನಿಂದ ಅವಳದ್ದು ಮಾತಿಲ್ಲ. ಕಥೆ ಓದ್ತೀನಿ ಅಂದರೂ ಬೇಡ, ಎತ್ತಿಕೊಳ್ಳೋಕೆ ಹೋದರೂ ಬೇಡ. ಹನ್ನೊಂದು ಗಂಟೆ ಹೊತ್ತಿಗೆ ಒಳಗಿನ ಕೋಣೆಯಿಂದ ಪಿಸುಪಿಸು ಸದ್ದು ಕೇಳಿತು. ಹೋಗಿ ನೋಡಿದರೆ ನೆಲದ ಮೇಲೆ ದಿಂಬು. ದಿಂಬಿನ ಮೇಲೆ, ಕುತ್ತಿಗೆವರೆಗೂ ಟವೆಲ್ ಸುತ್ತಿಸಿಕೊಂಡ ಬಟ್ಟೆ ಕೋತಿ. ಮಗಳ ಕೈಯಲ್ಲಿ ರೀಫಿಲ್ ತೆಗೆದ ಖಾಲಿ ಪೆನ್ನು.

"ಏನ್ ಮಾಡ್ತಿದ್ದೀಯಾ?" ಎಂದೆ.

ಅವಳು ತಿರುಗಿಯೂ ನೋಡಲಿಲ್ಲ. "ನೀವು ಹೊರಗೆ ಕೂತ್ಕೊಳ್ಳಿ. ನಾನು ಕರೀತೀನಿ."

ನೀವು! ಮಾತು ಕಲಿತಾಗಿನಿಂದ ನನ್ನನ್ನು ನೀನು ಎಂದೇ ಮಾತಾಡಿಸಿದ ಮಗು. ಡಾಕ್ಟರಾದವರು ರೋಗಿಯ ಕಡೆಯವರ ಹತ್ತಿರ ಹೇಗೆ ಮಾತಾಡಬೇಕು ಅಂತ ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಒಂದೇ ಒಂದು ಅಕ್ಷರ ಬದಲಿಸಿ ಆ ಕೋಣೆಯನ್ನು ಆಸ್ಪತ್ರೆ ಮಾಡಿಬಿಟ್ಟಿದ್ದಳು. ನಾನು ಹೋಗಿ ಬಾಗಿಲ ಪಕ್ಕ ಕೂತೆ.

ಕೂತವಳಿಗೆ ಕಪಾಟಿನಲ್ಲಿದ್ದ ಪ್ಲಾಸ್ಟಿಕ್ ಡಾಕ್ಟರ್ ಸೆಟ್ ನೆನಪಾಯಿತು. ತಂದು ಮುಂದಿಟ್ಟೆ. "ತಗೋ, ಇದರಲ್ಲಿ ಸಿರಿಂಜೇ ಇದೆ ನೋಡು." ಅವಳು ಅದನ್ನು ಎತ್ತಿ ನೋಡಿ ವಾಪಸ್ ಕೊಟ್ಟಳು. "ಬೇಡ. ಅದು ಆಟದ್ದು."

ಅವಳ ಪಾಲಿಗೆ ಪೆನ್ನೇ ನಿಜವಾದದ್ದು. ಅಮೆರಿಕದ ರಾಚೆಸ್ಟರ್‌ನಲ್ಲಿ ಒಂದು ಆಟಿಕೆ ಮ್ಯೂಸಿಯಂ ಇದೆ. ಮಕ್ಕಳ ಮನಸ್ಸಿನಲ್ಲಿ ಉಳಿದ ಆಟಿಕೆಗಳಿಗೆ ಅಲ್ಲಿ ಗೌರವದ ಜಾಗ ಕೊಡುತ್ತಾರೆ. 2005ರಲ್ಲಿ ಆ ಪಟ್ಟಿಗೆ ಸೇರಿದ್ದು ರಟ್ಟಿನ ಡಬ್ಬ. 2008ರಲ್ಲಿ ಸೇರಿದ್ದು ಬರೀ ಒಂದು ಕೋಲು. ಅದನ್ನು ಮೊದಲು ಓದಿದಾಗ ಚೆನ್ನಾಗಿದೆ ಅನ್ನಿಸಿತ್ತು, ಅಷ್ಟೇ. ಆ ಪೆನ್ನನ್ನು ನೋಡಿದ ಮೇಲೆ ಅರ್ಥವಾಯಿತು. ಸಿರಿಂಜಿನ ಆಕಾರದ ಸಿರಿಂಜ್ ಸಿರಿಂಜೊಂದೇ ಆಗಬಲ್ಲದು. ಪೆನ್ನಿನಲ್ಲಿ ಮಗು ತಾನೇ ತುಂಬಿಸುವುದಕ್ಕೆ ಜಾಗ ಇದೆ.

ಡಾಕ್ಟರ್ ಕೋತಿಯ ಕಡೆಗೆ ಬಗ್ಗಿದಳು. ಅವಳು ಹೇಳಿದ್ದು ನನಗೆ ಮಾತು ಮಾತಿಗೆ ನೆನಪಿದೆ.

"ಈಗ ಚುಚ್ತೀನಿ. ನೋಯುತ್ತೆ. ಜಾಸ್ತಿನೇ ನೋಯುತ್ತೆ. ಅಳು ಬಂದ್ರೆ ಅಳು. ಹತ್ತು ಎಣಿಸೋವರೆಗೂ ಅಷ್ಟೇ. ಕೈ ಹೊರಗೆ ತೆಗೀತೀನಿ, ಆಯ್ತಾ?"

ಟವೆಲ್ ಸಡಿಲ ಮಾಡಿ ಕೋತಿಯ ಎರಡೂ ಕೈ ಹೊರಗೆ ತೆಗೆದಳು. ನಿಧಾನಕ್ಕೆ ಹತ್ತರವರೆಗೆ ಎಣಿಸಿದಳು. ಆಮೇಲೆ ಗಾಳಿಯಲ್ಲಿ ಮೂರು ಹೊಲಿಗೆ.

ನಾನು ಕೂತಲ್ಲೇ ಕೂತಿದ್ದೆ. ಹಿಂದಿನ ದಿನ ಅವಳಿಗೆ ಸಿಗದೇ ಹೋದದ್ದೆಲ್ಲ ಆ ಬಟ್ಟೆ ಕೋತಿಗೆ ಸಿಗುತ್ತಿತ್ತು. ನಿಜ ಹೇಳುವವರು. ಬಿಡಿಸಿದ ಕೈ. ಯಾವಾಗ ಮುಗಿಯುತ್ತೆ ಅನ್ನೋ ಲೆಕ್ಕ. ನೋಯಲ್ಲ ಅಂತ ಸುಳ್ಳು ಹೇಳಿದ್ದು ನಾನು. ಗಟ್ಟಿಯಾಗಿ ಹಿಡಿದಿದ್ದೂ ನಾನೇ.

ಸಂಜೆಯೊಳಗೆ ಆ ಕೋತಿಗೆ ಏಳು ಸಲ ಹೊಲಿಗೆ ಬಿತ್ತು. ಪ್ರತಿ ಸಲವೂ ಏನೋ ಒಂದು ಬದಲಾಗುತ್ತಿತ್ತು. ಒಂದು ಸಲ ಕೋತಿ ಎದ್ದು ಓಡಿಹೋಯಿತು, ಡಾಕ್ಟರೇ ಹಿಂದೆ ಹೋಗಿ ಸಮಾಧಾನ ಮಾಡಿ ಕರೆತಂದರು. ಐದನೇ ಸಲ ನನಗೂ ಕರೆ ಬಂತು. ಹೋಗಿ ಕೋತಿಯ ಭುಜ ಒತ್ತಿ ಹಿಡಿದೆ. "ಹಾಗೆ ಹಿಡೀಬೇಡಿ. ಕೈ ಕೊಡಿ ಸಾಕು" ಎಂದಳು. ಕೈ ಕೊಟ್ಟೆ.

ಕೊನೆಯ ಸಲ ಕೋತಿಯನ್ನು ಪಕ್ಕಕ್ಕೆ ಸರಿಸಿ ತಾನೇ ದಿಂಬಿನ ಮೇಲೆ ಮಲಗಿದಳು. ಪೆನ್ನು ನನ್ನ ಕೈಗೆ ಬಂತು. ತಲೆ ಬಾಚೋಕೆ ಎರಡು ನಿಮಿಷ ನಿಲ್ಲದ ಹುಡುಗಿ, ರೆಪ್ಪೆ ಕೂಡ ಅಲ್ಲಾಡಿಸದೆ ಮಲಗಿದ್ದಳು. ಸೋವಿಯತ್ ಮನೋವಿಜ್ಞಾನಿ ಲೆವ್ ವೈಗಾಟ್‌ಸ್ಕಿ 1933ರ ಒಂದು ಉಪನ್ಯಾಸದಲ್ಲಿ, ಆಟದಲ್ಲಿ ಮಗು ತನಗಿಂತ ಒಂದು ತಲೆ ಎತ್ತರವಾಗಿರುತ್ತದೆ ಎಂಬ ಅರ್ಥದ ಮಾತು ಹೇಳಿದ್ದರು. ಅವರ ದಾರಿಯಲ್ಲೇ ಹೋದ ಮನುಯ್ಲೆಂಕೊ ಅವರ ಪ್ರಯೋಗ 1948ರಲ್ಲಿ ಪ್ರಕಟವಾಯಿತು. ಸುಮ್ನೆ ನಿಲ್ಲು ಅಂದರೆ ಬೇಗ ಅಲ್ಲಾಡುತ್ತಿದ್ದ ಮಕ್ಕಳು, ನೀನು ಕಾವಲುಗಾರ ಅಂದಾಗ ಎಷ್ಟೋ ಹೆಚ್ಚು ಹೊತ್ತು ನಿಂತರಂತೆ. ನನ್ನ ಮಗಳ ಕಾವಲು ಯಾವುದರ ಮೇಲಿತ್ತೋ ನನಗೆ ಗೊತ್ತಿತ್ತು. "ನೋಯುತ್ತೆ ಪುಟ್ಟಿ. ಹತ್ತು ಎಣಿಸೋವರೆಗೆ" ಎಂದೆ. ಅವಳು ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದಳು.

ಮಕ್ಕಳು ಹೀಗೆ ಮುಳುಗಿರುವಾಗ ನಾವು "ಸುಮ್ನೆ ಆಡ್ತಿದೆ, ಏನಾದ್ರೂ ಕಲೀಲಿ" ಅಂತ ಎಬ್ಬಿಸಿಬಿಡ್ತೀವಿ ಅಲ್ವಾ? ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಯಲ್ಲಿ ಆಟವೂ ಒಂದು ಹಕ್ಕು. ಅದು ಕಾಗದದ ಮೇಲಿನ ಮಾತು. ಮನೆಯಲ್ಲಿ ಅದರ ಅರ್ಥ, ನಮಗೆ ಹೊರಗೆ ಕೂತ್ಕೊಳ್ಳಿ ಅಂದಾಗ ಹೊರಗೆ ಕೂರುವುದು. ಆ ದಿನ ನಾನು ಊಟಕ್ಕೆ ಬಾ ಅಂತ ಮಧ್ಯೆ ಕರೆದಿದ್ದರೆ, ಪೆನ್ನು ಕಿತ್ತು ಕಲರಿಂಗ್ ಬುಕ್ ಕೊಟ್ಟಿದ್ದರೆ, ಏನು ತಪ್ಪಿಹೋಗುತ್ತಿತ್ತು ಅನ್ನೋದು ನನಗೆ ತಿಳಿಯುತ್ತಲೇ ಇರಲಿಲ್ಲ.

ಐದು ದಿನ ಬಿಟ್ಟು ಹೊಲಿಗೆ ಬಿಚ್ಚಿಸಲು ಹೋದೆವು. ಬಾಗಿಲ ಹೊರಗೇ ಮಂಡಿಯೂರಿ ಕೂತು ಹೇಳಿದೆ. "ಎಳೆದ ಹಾಗಾಗುತ್ತೆ. ಸ್ವಲ್ಪ ನೋಯಬಹುದು."

"ಎಷ್ಟು ಎಣಿಸೋವರೆಗೆ?"

"ಹತ್ತು."

ಒಳಗೆ ಬೆಡ್‌ಶೀಟ್ ಬೇಡ ಎಂದೆ. ಅವಳ ಅಂಗೈ ಬೆವರಿತ್ತು, ನನ್ನ ಎರಡು ಬೆರಳನ್ನು ಬಿಗಿಯಾಗಿ ಹಿಡಿದಿದ್ದಳು. ಏಳಕ್ಕೇ ಕೆಲಸ ಮುಗಿಯಿತು. ನರ್ಸ್ ಕತ್ತರಿ ಕೆಳಗಿಟ್ಟರು. ಅವಳು ಕಣ್ಣು ಬಿಡಲಿಲ್ಲ. ಎಂಟು, ಒಂಬತ್ತು, ಹತ್ತು ಎಂದು ಎಣಿಸಿ ಮುಗಿಸಿದ ಮೇಲೇ ಬಿಟ್ಟಳು.